ಸುಯ್

ಆಗಸ್ಟು, ಮಧ್ಯಾಹ್ನ ಮೂರು. ಟೈಪಿಂಗ್ ಸೆಂಟರಿನ ಗಾಜಿನ ಬಾಗಿಲನ್ನು
ಮೊಣಕೈಯಿಂದ ತಳ್ಳಿಕೊಂಡು ಬಂದಳು.
ಹಿಡಿಕೆ ಕಾದಿತ್ತಲ್ಲ, ಅದಕ್ಕೆ.
ಒಂದು ಕೈಯಲ್ಲಿ ಶಾಲೆಯ ಫಾರ್ಮು, ಇನ್ನೊಂದರಲ್ಲಿ
ಆರು ವರ್ಷದ ಮಗಳು, ಮುಂದಿನೆರಡು ಹಲ್ಲು ಬಿದ್ದವಳು.

ಡ್ರ್ಯಾಗನ್ ಮಾರ್ಟಿನಲ್ಲಿ ಇವಳದು ಬಲ್ಬಿನ ಅಂಗಡಿ.
ಎದೆಯ ಮೇಲೆ ಬಿಲ್ಲೆ: ಜೆಸಿಕಾ.
"ನನ್ನ ಹೆಸರಲ್ಲ," ಅಂದಳು, ನಾನು ಕೇಳುವ ಮೊದಲೇ.
"ಮುಂಚೆ ಇದ್ದವಳು ಬಿಟ್ಟುಹೋಗಿದ್ದು. ಪಿನ್ನು ಗಟ್ಟಿಯಿತ್ತು,
ಚುಚ್ಚಿಕೊಂಡೆ. ಹನ್ನೊಂದು ವರ್ಷವಾಯಿತು."

ಮಗಳಿಗೆ ಹಾಗಾಗಬಾರದು.
ಫಾರ್ಮಿನಲ್ಲೊಂದು ಮನೆ ಖಾಲಿ: ಇಂಗ್ಲಿಷ್ ಹೆಸರು.
ಹುಡುಗಿಯ ಹೆಸರು ಸುಯ್.
ಆಟದ ಬಯಲಿನ ಆಚೆ ತುದಿಯಿಂದ ಟೀಚರು ಕೂಗಿದರೂ
ನನ್ನನ್ನೇ, ಅಂತ ಇವಳು ತಿರುಗುವಂತಿರಬೇಕು.
ಅರ್ಜಿಗೆ ನನ್ನ ರೇಟು ಹದಿನೈದು ದಿರ್ಹಮ್.
ಹೆಸರಿಗೆ ಎಷ್ಟೆಂದು ಬೋರ್ಡಿನಲ್ಲಿಲ್ಲ.

ಸುಯ್ ಅಂದರೆ?
ಫೋನಿಗೆ ಕೇಳಿದಳು. ಅದು ಹಿಂದಿಯಲ್ಲಿ ಹೇಳಿತು: ಬಾಲೀ.
ಕಿವಿಯ ರಿಂಗೇ? ಎಂದು ಕಿವಿ ಹಿಡಿದು ತೋರಿಸಿದೆ.
ತಾಯಿ ಮಗಳು ಬಿದ್ದು ಬಿದ್ದು ನಕ್ಕರು.
ಆಮೇಲೊಂದು ಚಿತ್ರ ತೆಗೆದಳು, ಭತ್ತದ್ದು, ಬಾಗಿದ್ದು.
ಓ. ತೆನೆ.

ಎಷ್ಟು ವರ್ಷವಾಗಿತ್ತೋ ಈ ಮಾತು ಬಾಯಿಗೆ ಬಂದು.
ಈ ಊರಲ್ಲಿ ಅಕ್ಕಿ ಹುಟ್ಟುವುದು ಚೀಲದಲ್ಲಿ.

ನಮ್ಮ ಕಡೆ ಸುಯ್ ಅಂದರೆ ನಿಟ್ಟುಸಿರು,
ಅತ್ತೆಯಂದಿರು ಕಟ್ಟೆಗೆ ಕೂತು ಬಿಡುವಂಥದು.
ಅದನ್ನು ಹೇಳಲಿಲ್ಲ.
ಬಿಳಿಜೋಳ ಹಾಲುಗಾಳಾದಾಗ
ಹಕ್ಕಿ ಕಾಯುವ ಅಟ್ಟದ ಮೇಲೆ ಮಲಗಿ ಕೇಳಿದ್ದೇನಲ್ಲ,
ಗಾಳಿ ಹೊಲಕ್ಕೆ ಹೊಕ್ಕು ಇದೇ ಹೆಸರು ಹಿಡಿದು
ಒಂದೊಂದೇ ತೆನೆಯನ್ನು ಕರೆಯುತ್ತಿತ್ತು.
ಅದನ್ನೂ ಹೇಳಲಿಲ್ಲ. ನನ್ನ ಇಂಗ್ಲಿಷು ಅಲ್ಲಿಯ ತನಕ ಹೋಗುವುದಿಲ್ಲ.

ಸೂ, ಅಂದೆ.
ಪಕ್ಕದ ಮೇಜಿನ ಬಾವುಟ್ಟಿ ತಲೆಯೆತ್ತಿದ:
"ಅಯ್ಯೋ, ಅದು ಕೋರ್ಟಿಗೆ ಎಳೆಯುವ ಮಾತು."
ಝೋಯಿ? ಬಾಲ ಕೂಡಿತು, ತಲೆ ಕೂಡಲಿಲ್ಲ.
ಸೋಫಿ? ಈಗಾಗಲೇ ಕ್ಲಾಸಿನಲ್ಲಿ ನಾಲ್ಕು ಮಂದಿ.
ಸ್ವೀಟಿ? ಅದು ಇವರ ಕಟ್ಟಡದ ಮೂರನೇ ಮಹಡಿಯ ನಾಯಿ.
ಹುಡುಗಿಗೆ ಅದೇ ಬೇಕಂತೆ.

ಸೂಸನ್.
ತಾಯಿ ಅದನ್ನು ನಾಲಿಗೆಯ ಮೇಲಿಟ್ಟು ನೋಡಿದಳು,
ಬೇಳೆ ಬೆಂದಿದೆಯೋ ಎಂದು ನೋಡುವ ಹಾಗೆ.
ಸುಯ್. ಸೂಸನ್. ಸುಯ್.
"ಉಳಿದ ಸನ್ ಏನು ಮಾಡುವುದು?"
ಯೂನಿಫಾರ್ಮನ್ನೂ ಒಂದು ಅಳತೆ ದೊಡ್ಡದೇ ಕೊಳ್ಳುತ್ತೀರಲ್ಲ, ಅಂದೆ.
ನಗಲಿಲ್ಲ. ಬರೆಯಿರಿ, ಅಂದಳು.

ಅರಬ್ಬಿ ಸಾಲನ್ನು ತುಂಬಿದವನು ಈಜಿಪ್ಟಿನ ವಗ್ದಿ.
"ಸೌಸನ್! ಹೂವಿನ ಹೆಸರು!" ಎಂದು ಅವನಿಗೇ ಖುಷಿ.
ಹೂವಾಗಿ ಆಮೇಲೆ ತೆನೆಯಾಗುವುದು ಲೋಕದ ರೂಢಿ.
ನಾವು ಹಿಂದಕ್ಕೆ ನಡೆದು ಹೂವಿಗೆ ಬಂದಿದ್ದೆವು.

"ನಿನ್ನದು?" ಹುಡುಗಿ ನನ್ನ ಕಡೆ ಗದ್ದ ಎತ್ತಿದಳು.
ಬಾಳಪ್ಪ.
ಳ ಇಂಗ್ಲಿಷಿನಲ್ಲಿ ಹೋಯಿತು, ಪ ಅರಬ್ಬಿಯಲ್ಲಿ.
ಲೇಬರ್ ಕಾರ್ಡಿನ ಪ್ರಕಾರ ನಾನು ಬಾಲಬ್ಬಾ.
ಸರಿಯಾಗಿ ಅನ್ನಬಲ್ಲ ಬಾಯಿ ಊರಲ್ಲಿ ಒಂದಿದೆ,
ದಿನಾ ರಾತ್ರಿ ಫೋನು ಮಾಡುತ್ತದೆ,
ಗಂಡನ ಹೆಸರು ಹಿಡಿದು ಕರೆಯುವುದಿಲ್ಲ.

ನಾಲಿಗೆ ಹಿಂದಕ್ಕೆ ಮಡಚು, ಅಂಗುಳಕ್ಕೆ, ಹಾಂ, ಇನ್ನೂ ಹಿಂದಕ್ಕೆ.
ಬಾಲಾ. ಬಾರಾ. ಬಾಲ್ಯಾ.
ನಾಲ್ಕನೆಯ ಸಲ ಹಲ್ಲಿನ ಸಂದಿಯಿಂದ ಉಗುಳು ಸಿಡಿದು
ಫಾರ್ಮಿನ ಮೇಲೆ ಬಿತ್ತು. ಇನ್ನೊಂದು ಪ್ರಿಂಟು ತೆಗೆದೆ.

ಹದಿನೈದು ದಿರ್ಹಮ್ ಎಣಿಸಿ ಕೊಟ್ಟು ಹೊರಟರು.
ಹುಡುಗಿ ಮುಂದೆ ಓಡಿದಳು, ರಸ್ತೆಯ ಕಡೆಗೆ.
ತಾಯಿ ಕೂಗಿದಳು.
ಬಾಗಿಲು ಮುಚ್ಚಿತ್ತು, ಎಸಿ ಗುಂಯ್‌ಗುಡುತ್ತಿತ್ತು,
ಗಾಜಿನಾಚೆ ಬಾಯಿ ತೆರೆದದ್ದಷ್ಟೇ ಕಂಡಿತು.

ಮಗು ನಿಂತಿತು. ತಿರುಗಿತು.
ಯಾವ ಹೆಸರಿಗೋ.

ಟೋಕನ್ ನಲವತ್ತೊಂದು, ಅಂದೆ.
ಮೂಲೆಯಿಂದ ಒಬ್ಬರು ಎದ್ದರು.